ಹೆಸರಿಲ್ಲದ ಹಳ್ಳದ ಆರೋಗ್ಯ ತಪಾಸಣೆ: ಬಲೆ ಹೊಲಿಯುವುದರಿಂದ ಅಂಕ ಹಾಕುವವರೆಗೆ

ನಮ್ಮ ತೋಟದ ಕೆಳಗೆ ಹರಿಯುವ ಹಳ್ಳಕ್ಕೆ ಹೆಸರಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಎಷ್ಟೋ ಹಳ್ಳಗಳ ಹಾಗೆ ಇದೂ ಗುಡ್ಡದ ಕಾಡಲ್ಲಿ ಹುಟ್ಟುತ್ತದೆ. ಅಡಿಕೆ ತೋಟ, ಗದ್ದೆ ದಾಟಿ ಮಾಲತಿ ಹೊಳೆ ಸೇರುತ್ತದೆ. ಅಲ್ಲಿಂದ ತುಂಗೆಗೆ. ಮಳೆಗಾಲದಲ್ಲಿ ಸಂಕದ (ಕಾಲುಸೇತುವೆಯ) ಮೇಲೆ ಉಕ್ಕುತ್ತದೆ, ಬೇಸಿಗೆಯಲ್ಲಿ ಪಾದ ಮುಳುಗುವಷ್ಟೇ ಇರುತ್ತದೆ. ಆದರೂ ಬತ್ತುವುದಿಲ್ಲ. ಕೆಳಗಿನ ಗದ್ದೆಗಳು, ದನಗಳು, ಎರಡು ಮೂರು ಮನೆಯ ಬಚ್ಚಲ ಹಂಡೆ ಎಲ್ಲವೂ ಇದೇ ನೀರನ್ನು ನಂಬಿವೆ.

ಈ ಹಳ್ಳ ಎಷ್ಟು ಆರೋಗ್ಯವಾಗಿದೆ ಅಂತ ನೋಡಲು ಮನೆಯಲ್ಲೇ ಸಲಕರಣೆ ಮಾಡಿಕೊಂಡೆ. ಅದರ ದಾಖಲೆ ಇದು. ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕಳಿಸಬಹುದಿತ್ತು. ಆದರೆ ಬಾಟಲಿ ತುಂಬಿದ ಹೊತ್ತಿನಲ್ಲಿ ನೀರು ಹೇಗಿತ್ತು ಅನ್ನುವುದಷ್ಟೇ ಲ್ಯಾಬಿಗೆ ಗೊತ್ತಾಗುತ್ತದೆ. ಹಿಂದಿನ ರಾತ್ರಿ ಯಾರೋ ಔಷಧಿ ಡ್ರಮ್ ತೊಳೆದು ಬಿಟ್ಟಿದ್ದರೆ ಬೆಳಿಗ್ಗೆ ಹೊತ್ತಿಗೆ ಅದು ಮಾಲತಿಗೆ ಹೋಗಿಯಾಗಿರುತ್ತದೆ. ಕಲ್ಲಿನ ಅಡಿಯ ಹುಳಗಳು ಹಾಗಲ್ಲ. ಅವು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಮೇಲಿಂದ ಬಂದದ್ದನ್ನೆಲ್ಲ ಅನುಭವಿಸುತ್ತವೆ. ತಡೆಯಲಾಗದವು ಸಾಯುತ್ತವೆ ಅಥವಾ ನೀರಿನ ಜೊತೆ ತೇಲಿ ಹೋಗುತ್ತವೆ. ಹಾಗಾಗಿ ಯಾವ ಹುಳ ಇದೆ, ಯಾವುದು ಇಲ್ಲ ಅನ್ನುವುದನ್ನು ನೋಡಿದರೆ ಹಳ್ಳ ಕಳೆದ ಕೆಲವು ತಿಂಗಳು ಹೇಗಿತ್ತು ಅಂತ ತಿಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದು ಒಳ್ಳೆಯ ಬಲೆ, ಬಿಳಿ ಟ್ರೇ ಮತ್ತು ತಾಳ್ಮೆ.

ಬಲೆ

ಎಲ್ಲಕ್ಕಿಂತ ಜಾಸ್ತಿ ಸಮಯ ತಗೊಂಡದ್ದು ಬಲೆ. ಈ ಕೆಲಸಕ್ಕೆ ಎಲ್ಲ ಕಡೆ ಬಳಸುವ ಬಲೆಯ ತೂತು ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್. ಮನೆಯಲ್ಲಿದ್ದ ಸೊಳ್ಳೆ ಪರದೆಯ ತೂತು ಒಂದು ಮಿಲಿಮೀಟರಿಗಿಂತ ದೊಡ್ಡದು. ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಪರದೆಯ ಮೇಲೆ ಒಂದು ಚಮಚ ಗಸಗಸೆ ಹಾಕಿ ಅಲ್ಲಾಡಿಸಿ. ಗಸಗಸೆ ಉದುರಿದರೆ ಎಳೆಯ ಮರಿಹುಳಗಳೂ ಉದುರುತ್ತವೆ. ನಮ್ಮ ಪರದೆಯಲ್ಲಿ ಪೂರ್ತಿ ಉದುರಿತು. ತೆಳು ವಾಯಿಲ್ ಬಟ್ಟೆ ಹಾಕಿದರೆ ನೀರೇ ದಾಟುವುದಿಲ್ಲ. ಬಲೆ ಉಬ್ಬಿ, ನೀರು ಪಕ್ಕದಿಂದ ಸುತ್ತಿಕೊಂಡು ಹೋಗುತ್ತದೆ, ಹುಳವೂ ಅದರ ಜೊತೆ.

ಕೊನೆಗೆ ಒದಗಿದ್ದು ನರ್ಸರಿ ಮತ್ತು ಪಾಲಿಹೌಸಿಗೆ ಕಟ್ಟುವ 40 ಮೆಶ್ ಕೀಟ ಬಲೆ. 40 ಮೆಶ್ ಅಂದರೆ ಒಂದು ಇಂಚಿಗೆ 40 ಎಳೆ. 25.4 ಮಿಲಿಮೀಟರನ್ನು 40ರಿಂದ ಭಾಗಿಸಿದರೆ 0.63. ಅದರಲ್ಲಿ ನೂಲಿನ ದಪ್ಪ ಕಳೆದರೆ ತೂತು 0.4 ಮಿಲಿಮೀಟರ್ ಆಸುಪಾಸು ಉಳಿಯುತ್ತದೆ. ನಮ್ಮ ಕೆಲಸಕ್ಕೆ ಸರಿಯಾಯಿತು. ಗಸಗಸೆ ನಿಂತಿತು, ನೀರು ದಾಟಿತು. ಕೃಷಿ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ತುಂಡು ಕತ್ತರಿಸಿದೆ. ಎರಡು ಪಕ್ಕಕ್ಕೂ ಹಳೆ ಜೀನ್ಸಿನ ಪಟ್ಟಿ ಇಟ್ಟು ಕೋಲು ತೂರುವಷ್ಟು ಕೊಳವೆ ಮಾಡಿ ಟೈಲರ್ ಹತ್ತಿರ ಹೊಲಿಸಿದೆ. ಬಲೆಗೇ ನೇರ ಹೊಲಿಗೆ ಹಾಕಿದರೆ ಎಳೆ ಹರಿಯುತ್ತದೆ, ಪಟ್ಟಿ ಬೇಕೇ ಬೇಕು. ಕೆಳಗಿನ ಅಂಚನ್ನು ಮಡಿಸಿ, ಒಳಗೆ ಮೀನು ಬಲೆಗೆ ಹಾಕುವ ಸೀಸದ ಗುಂಡು ಪೋಣಿಸಿದೆ. ಇದು ತುಂಬ ಮುಖ್ಯ. ಕೆಳ ಅಂಚು ಹಳ್ಳದ ತಳಕ್ಕೆ ಕೂತಿಲ್ಲದಿದ್ದರೆ ಒಳ್ಳೊಳ್ಳೆ ಹುಳಗಳೆಲ್ಲ ಅಡಿಯಿಂದ ನುಸುಳುತ್ತವೆ. ಕಲ್ಲಿಗೆ ಅಪ್ಪಿಕೊಂಡು ಬದುಕುವವು ತಳ ಬಿಟ್ಟು ಮೇಲೆ ಬರುವುದೇ ಕಡಿಮೆ.

ಕೋಲಿಗೆ ಮೊದಲು ಅಡಿಕೆ ದಬ್ಬೆ ಸೀಳಿ ಹೆರೆದು ಹಾಕಿದ್ದೆ. ಒಣಗಿದಾಗ ಚೆನ್ನಾಗಿಯೇ ಇತ್ತು. ನೀರು ಕುಡಿದ ಮೇಲೆ ಭಾರವಾಯಿತು, ಸಿಬಿರು ಎದ್ದು ಬಟ್ಟೆಯ ಕೊಳವೆಯನ್ನು ಒಳಗಿಂದ ಕೊರೆಯಿತು. ಅದನ್ನು ತೆಗೆದು ಗಟ್ಟಿ ಬಿದಿರು ಹಾಕಿದೆ. ಗಿಣ್ಣುಗಳನ್ನು ಉಜ್ಜಿ ನುಣ್ಣಗೆ ಮಾಡಿ, ಎರಡು ಕೈ ಲಿನ್ಸೀಡ್ ಎಣ್ಣೆ ಹಚ್ಚಿದೆ. ಕಲ್ಲಿಗೆ ತಾಗಿ ಒಂದು ಮೂಲೆ ಹರಿದಾಗ ಗಾಳದ ನೈಲಾನ್ ದಾರದಲ್ಲಿ ಕೈಹೊಲಿಗೆ ಹಾಕಿದ್ದೇನೆ. ಹತ್ತಿ ದಾರ ಬೇಡ, ಒದ್ದೆಯಲ್ಲಿ ಬೇಗ ಕೊಳೆಯುತ್ತದೆ.

ಉಳಿದ ಸಾಮಾನು

ಟ್ರೇ ಬಿಳಿ ಆಗಿರಬೇಕು, ಅಷ್ಟೇ. ಹುಳ ಕಾಣುವುದೇ ಬಿಳಿ ಹಿನ್ನೆಲೆಯಲ್ಲಿ. ಅದರ ಜೊತೆ ಫ್ರಿಜ್ಜಿನ ಐಸ್ ಟ್ರೇ (ಒಂದೊಂದು ಗೂಡಿಗೆ ಒಂದೊಂದು ಜಾತಿ), ಚಿತ್ರ ಬರೆಯುವ ಮೆತ್ತನೆ ಕುಂಚ, ಡ್ರಾಪರ್, ಪ್ಲಾಸ್ಟಿಕ್ ಚಮಚ, 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ. ಇಕ್ಕಳ ಬಳಸಬೇಡಿ. ಮೇಫ್ಲೈ (ನೀರಲ್ಲಿ ಬೆಳೆದು ಆಮೇಲೆ ಹಾರುವ ಒಂದು ಕೀಟ) ಮರಿಗಳ ಕಾಲು, ಬಾಲ ಮುಟ್ಟಿದರೆ ಮುರಿಯುತ್ತವೆ.

ನೀರು ಎಷ್ಟು ತಿಳಿ ಇದೆ ಅಂತ ಅಳೆಯಲು 60 ಸೆಂಟಿಮೀಟರಿನ ಕೊಳವೆ ಮಾಡಿದೆ. ಉಬ್ಬುತಗ್ಗಿಲ್ಲದ ನೇರ ಮೈಯ ಪಾರದರ್ಶಕ ಬಾಟಲಿಗಳ ತಲೆ, ಬುಡ ಕತ್ತರಿಸಿ, ಒಂದರೊಳಗೊಂದು ತೂರಿಸಿ ಸಿಲಿಕೋನ್ ಹಚ್ಚಿ ಅಂಟಿಸಿದೆ. ತಳಕ್ಕೆ ಕಪ್ಪು ಬಿಳುಪು ನಾಲ್ಕು ಭಾಗ ಮಾಡಿ ಬಣ್ಣ ಹೊಡೆದ ಬಿಲ್ಲೆ. ಬುಡದ ಪಕ್ಕಕ್ಕೆ ತೋಟದ ಡ್ರಿಪ್ಪಿನ ಮೈಕ್ರೋ ಟ್ಯೂಬ್, ಅದಕ್ಕೊಂದು ಸಣ್ಣ ವಾಲ್ವ್. ಕೊಳವೆ ತುಂಬ ಹಳ್ಳದ ನೀರು ತುಂಬಿ ಮೇಲಿಂದ ನೋಡುತ್ತ ವಾಲ್ವ್ ಬಿಡಬೇಕು. ಬಿಲ್ಲೆಯ ಕಪ್ಪು ಬಿಳುಪು ಬೇರೆ ಬೇರೆ ಕಂಡ ಕೂಡಲೇ ನಿಲ್ಲಿಸಿ ಎತ್ತರ ಓದಬೇಕು. ಬಿಸಿಲಿಗೆ ಬೆನ್ನು ಹಾಕಿ ನಿಮ್ಮ ನೆರಳಲ್ಲೇ ನೋಡಿ, ಇಲ್ಲದಿದ್ದರೆ ಹೊಳಪಿನಿಂದ ಲೆಕ್ಕ ತಪ್ಪುತ್ತದೆ. ಕೊಳವೆಯ ಜೋಡಣೆ ಸೋರಿದರೆ ಹಳೆ ಸಿಲಿಕೋನನ್ನು ಪೂರ್ತಿ ಕೆರೆದು ತೆಗೆದೇ ಹೊಸದು ಹಚ್ಚಬೇಕು. ಹಳೆಯದರ ಮೇಲೆ ಹೊಸ ಸಿಲಿಕೋನ್ ಹಿಡಿಯುವುದಿಲ್ಲ.

ಹರಿವಿಗೆ ಟೇಪು, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಒಂದು ಕಿತ್ತಳೆ ಸಾಕು. ಕಿತ್ತಳೆ ಮುಕ್ಕಾಲು ಮುಳುಗಿ ತೇಲುತ್ತದೆ, ಗಾಳಿಗೆ ಸಿಗುವುದಿಲ್ಲ. ನೇರವಾಗಿ ಹರಿಯುವ ಜಾಗದಲ್ಲಿ 10 ಮೀಟರ್ ಗುರುತು ಮಾಡಿದೆ. ಡಿಸೆಂಬರಿನಲ್ಲಿ ಸಂಕದ ಹತ್ತಿರ ಅದನ್ನು ದಾಟಲು ಸರಾಸರಿ 40 ಸೆಕೆಂಡ್ ಬೇಕಾಯಿತು. ಅಂದರೆ ಸೆಕೆಂಡಿಗೆ ಕಾಲು ಮೀಟರ್. ತಳದ ನೀರು ಮೇಲಿನ ನೀರಿಗಿಂತ ನಿಧಾನ. ಅದಕ್ಕೆ 0.85ರಿಂದ ಗುಣಿಸಬೇಕು. ಹಳ್ಳದ ಅಗಲ 1.8 ಮೀಟರ್, ಸರಾಸರಿ ಆಳ 15 ಸೆಂಟಿಮೀಟರ್. ಎಲ್ಲ ಗುಣಿಸಿದರೆ ಸೆಕೆಂಡಿಗೆ ಸುಮಾರು 57 ಲೀಟರ್. ಹರಿವು ಗೊತ್ತಿಲ್ಲದೆ ಉಳಿದ ಅಂಕಿಗಳಿಗೆ ಅರ್ಥವಿಲ್ಲ. ಅಷ್ಟೇ ಕೊಳೆ ಡಿಸೆಂಬರಿನಲ್ಲಿ ತೆಳುವಾಗುತ್ತದೆ, ಏಪ್ರಿಲಿನಲ್ಲಿ ಗಟ್ಟಿಯಾಗುತ್ತದೆ.

ನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ ವಿಂಕ್ಲರ್ ವಿಧಾನದ ಹನಿ ಕಿಟ್ ಕೊಂಡೆ. ಗುಳ್ಳೆ ಬಾರದಂತೆ ಬಾಟಲಿ ತುಂಬಿ, ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡ್ ಹಾಕಿದರೆ ಒಂದು ಮಡ್ಡಿ ಕೂರುತ್ತದೆ. ಮಡ್ಡಿ ಕಂದಾದಷ್ಟೂ ಆಮ್ಲಜನಕ ಜಾಸ್ತಿ. ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ. ಆಸಿಡ್ ಹಾಕಿ ಕರಗಿಸಿ, ಥಯೋಸಲ್ಫೇಟ್ ಹನಿ ಎಣಿಸಿ ಲೆಕ್ಕ ತೆಗೆಯುವುದು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬೇಡಿ, ಮನೆಗೆ ತನ್ನಿ.

ಎಲ್ಲಿ, ಯಾವಾಗ

ಮೂರು ಜಾಗ ಆರಿಸಿದೆ. ಮೇಲಿನದು ಕಾಡು ಮುಗಿದು ನಮ್ಮ ಗಡಿ ಶುರುವಾಗುವಲ್ಲಿ. ಎರಡೂ ದಡಕ್ಕೆ ವಾಟೆ, ಮುಂಡಿಗೆ, ಮೇಲೆ ಮರಗಳ ಚಪ್ಪರ. ನಡುವಿನದು ತೋಟಗಳ ಮಧ್ಯೆ ಸಂಕದ ಹತ್ತಿರ. ಕೆಳಗಿನದು ಅಡಿಕೆ ಸಿಪ್ಪೆ ರಾಶಿ ಬೀಳುವ ಜಾಗ ದಾಟಿ ಸ್ವಲ್ಪ ಕೆಳಗೆ. ಮೂರೂ ಕಡೆ ಕಲ್ಲಿನ ಮೇಲೆ ನೀರು ಸದ್ದು ಮಾಡುತ್ತ ಓಡುವ ಜಾಗವನ್ನೇ ಹಿಡಿದೆ. ಒಂದು ಕಡೆ ಓಡುವ ನೀರು, ಇನ್ನೊಂದು ಕಡೆ ನಿಂತ ಮಡು ಆರಿಸಿದರೆ ಹೋಲಿಕೆಯೇ ಸಾಧ್ಯವಿಲ್ಲ. ಎರಡರ ಹುಳಗಳೇ ಬೇರೆ.

ಮೇಲಿನ ಜಾಗ ನಮ್ಮ ಅಳತೆಗೋಲು. ಬೇರೆ ದೇಶದ ನದಿಗೆ ಬರೆದ ಪಟ್ಟಿ ನಮ್ಮ ಹಳ್ಳಕ್ಕೆ ಹಾಗೇ ಹೊಂದುವುದಿಲ್ಲ. ಆದರೆ ಅದೇ ಹಳ್ಳದ ಮೇಲಿನ ತುದಿಗೂ ಕೆಳಗಿನ ತುದಿಗೂ ಇರುವ ವ್ಯತ್ಯಾಸವನ್ನು ಯಾರೂ ತಳ್ಳಿಹಾಕಲಾಗದು.

ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ. ಆಗುಂಬೆಯ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಮೇಲೆ. ಅದರ ಆಸುಪಾಸಿನ ಹಳ್ಳಗಳಲ್ಲಿ ಜುಲೈಯಲ್ಲಿ ಕಲ್ಲೇ ಉರುಳುತ್ತದೆ, ಹುಳ ಎಲ್ಲಿ ನಿಲ್ಲಬೇಕು? ನೀರು ಇಳಿದು ತಳ ನೆಲೆಗೊಂಡ ಮೇಲೆ, ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ನಮ್ಮಲ್ಲಿ ಅದೇ ಅಡಿಕೆ ಸುಗ್ಗಿಯ ಕಾಲವೂ ಹೌದು. ಸುಲಿಯುವುದು, ಬೇಯಿಸುವುದು, ಸಿಪ್ಪೆ ಬಿಸಾಡುವುದು ಎಲ್ಲ ಆಗಲೇ. ಹಾಗಾಗಿ ನೋಡಬೇಕಾದದ್ದು ಕಣ್ಣೆದುರೇ ನಡೆಯುತ್ತಿರುತ್ತದೆ.

ಒಂದು ಮಾತು. ನಾನು ಇಳಿದದ್ದು ಖಾಸಗಿ ಜಮೀನಿನ ಪಕ್ಕದ ಹಳ್ಳಕ್ಕೆ. ರಕ್ಷಿತ ಅರಣ್ಯದೊಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ನೀರಿಗಿಳಿದದ್ದು

ಕೆಳಗಿನ ಜಾಗದಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲೆ ಮೊದಲು ತುಳಿದರೆ ಅಲ್ಲಿಂದ ಎದ್ದ ಹುಳ, ಕೆಸರು ಕೆಳಗಿನ ಬಲೆಗೆ ಬಂದು ಲೆಕ್ಕ ಕೆಡುತ್ತದೆ. ನನ್ನ ಜೊತೆ ಅಣ್ಣನ ಮಗಳು ಇದ್ದಳು, ಹೈಸ್ಕೂಲು ಹುಡುಗಿ. ಬಲೆ ಹಿಡಿಯುವುದು ಅವಳ ಕೆಲಸ, ತುಳಿಯುವುದು ನನ್ನದು. ಬಲೆಯನ್ನು ಹರಿವಿಗೆ ಅಡ್ಡ ನಿಲ್ಲಿಸಿ, ಅದರ ಮುಂದಿನ ಒಂದು ಚದರ ಮೀಟರ್ ತಳವನ್ನು ಒಂದು ನಿಮಿಷ ಕಾಲಿನಿಂದ ಕದಡುವುದು. ದೊಡ್ಡ ಕಲ್ಲುಗಳನ್ನು ಬಲೆಯ ಬಾಯಲ್ಲೇ ಕೈಯಿಂದ ತಿಕ್ಕಿ ತೊಳೆದು ವಾಪಸ್ ಅದೇ ಜಾಗದಲ್ಲಿ ಇಡುವುದು. ಒಂದೊಂದು ಜಾಗದಲ್ಲಿ ಮೂರು ಕಡೆ ಹೀಗೆ. ಆಮೇಲೆ ಬಲೆಯನ್ನು ಮುಂದಕ್ಕೆ ಗೋರಿದ ಹಾಗೆ ಎತ್ತಿ, ಟ್ರೇಗೆ ಮಗುಚಿ, ನೀರು ಹಾಕಿ ಸುಮ್ನೆ ಬಿಡಬೇಕು. ಎರಡು ನಿಮಿಷ ಬರೀ ಕಸ, ಎಲೆ, ಮರಳು ಕಾಣುತ್ತದೆ. ಆಮೇಲೆ ಕಸವೇ ಓಡಾಡಲು ಶುರುವಾಗುತ್ತದೆ.

ಗುರುತು ಹಿಡಿಯುವುದು ಅಂದುಕೊಂಡಷ್ಟು ಕಷ್ಟವಲ್ಲ. ಜಾತಿಯವರೆಗೆ ಹೋಗಬೇಕಿಲ್ಲ, ಕುಟುಂಬ (ಹತ್ತಿರದ ಜಾತಿಗಳ ಗುಂಪು) ಗೊತ್ತಾದರೆ ಸಾಕು. ಬಾಲ ಮೂರು ಇದ್ದು, ಹೊಟ್ಟೆಯ ಪಕ್ಕದಲ್ಲಿ ಗರಿಯಂಥ ಕಿವಿರು ಆಡುತ್ತಿದ್ದರೆ ಮೇಫ್ಲೈ ಮರಿ. ಕೆಲವಕ್ಕೆ ಎರಡೇ ಬಾಲ ಇರುತ್ತದೆ, ಆಗ ಕಾಲಿನ ತುದಿ ನೋಡಿ. ಮೇಫ್ಲೈಗೆ ಒಂದು ಉಗುರು, ಅದನ್ನೇ ಹೋಲುವ ಇನ್ನೊಂದು ಕೀಟ ಸ್ಟೋನ್‌ಫ್ಲೈಗೆ ಎರಡು. ಸ್ಟೋನ್‌ಫ್ಲೈಗೆ ಬಾಲ ಯಾವಾಗಲೂ ಎರಡೇ. ನಮ್ಮಲ್ಲಿ ಸಿಗುವ ಪರ್ಲಿಡೇ ಕುಟುಂಬದ ಮರಿಗಳಿಗೆ ಕಿವಿರು ಇರುವುದು ಕಾಲಿನ ಬುಡದಲ್ಲಿ. ಇದಕ್ಕೆ ತಂಪಾದ, ಆಮ್ಲಜನಕ ತುಂಬಿದ ಓಡುವ ನೀರೇ ಬೇಕು. ಆಮ್ಲಜನಕ ಕಡಿಮೆಯಾದರೆ ಕಾಲಿನ ಮೇಲೆ ಮೈಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಕಿವಿರಿನ ಮೇಲೆ ನೀರು ಹರಿಸಿಕೊಳ್ಳಲು ಅದು ಮಾಡುವ ಕಸರತ್ತು ಅದು. ಟ್ರೇಯಲ್ಲಿ ಹಾಗೆ ಮಾಡಲು ಶುರು ಮಾಡಿದರೆ ತಡಮಾಡದೆ ನೀರು ಬದಲಿಸಿ.

ಪತಂಗದಂಥ ಕೀಟ ಕ್ಯಾಡಿಸ್‌ನ ಮರಿಗಳು ನನಗೆ ಅಚ್ಚುಮೆಚ್ಚು. ಮೇಲಿನ ಜಾಗದಲ್ಲಿ ಸಿಕ್ಕ ಒಂದು ಬಗೆ ಎಲೆಯನ್ನು ಚೌಕ ಚೌಕವಾಗಿ ಕತ್ತರಿಸಿ, ರೇಷ್ಮೆಯಲ್ಲಿ ಅಂಟಿಸಿ, ನಾಲ್ಕು ಮೂಲೆಯ ಮನೆ ಕಟ್ಟಿಕೊಂಡಿತ್ತು. ಒಂದು ಸೆಂಟಿಮೀಟರ್ ಉದ್ದದ ಮನೆ, ಒಂದು ಅಂಚೂ ಸೊಟ್ಟ ಇಲ್ಲ. ಇನ್ನೊಂದು ಬಗೆ ಮನೆ ಕಟ್ಟುವುದಿಲ್ಲ, ಕಲ್ಲಿನ ಸಂದಿಯಲ್ಲಿ ಬಲೆ ನೇಯ್ದು, ನೀರು ತಂದುಕೊಡುವ ಚೂರುಪಾರು ತಿಂದು ಬದುಕುತ್ತದೆ. ನಾನು ಬಲೆ ಹೊಲಿಸಲು ಅಷ್ಟು ದಿನ ಅಲೆದೆ. ಇದು ತನ್ನದನ್ನು ಬಾಯಿಂದಲೇ ನೇಯುತ್ತದೆ, ಅದೂ ನನ್ನ ಬಲೆಗಿಂತ ಸಣ್ಣ ತೂತಿನದ್ದು!

ಏರೋಪ್ಲೇನ್ ಚಿಟ್ಟೆಯ ಮರಿ ನೋಡಿದರೆ ಮತ್ತೆ ಮರೆಯುವುದಿಲ್ಲ. ಮುಖದಡಿ ಮಡಿಸಿಟ್ಟ ತುಟಿಯನ್ನು ಚಾಚಿ ಬೇಟೆ ಹಿಡಿಯುತ್ತದೆ. ಹಿಂಬದಿಯಿಂದ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಕೆಳಗಿನ ಜಾಗದಲ್ಲಿ ಜಾಸ್ತಿ ಸಿಕ್ಕಿದ್ದು ಕೆಂಪು ಕೈರೊನೊಮಿಡ್ (ಸೊಳ್ಳೆಯಂಥ, ಕಚ್ಚದ ನೊಣ) ಮರಿ. ಆ ಕೆಂಪು ಹಿಮೋಗ್ಲೋಬಿನ್, ನಮ್ಮ ರಕ್ತದಲ್ಲಿ ಇರುವಂಥದ್ದೇ. ಇದ್ದಬದ್ದ ಸ್ವಲ್ಪ ಆಮ್ಲಜನಕವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೇರೆಯವು ಉಸಿರುಗಟ್ಟುವಲ್ಲಿ ಅದು ಬದುಕುವುದು ಇದೇ ಕಾರಣಕ್ಕೆ.

ಎಲ್ಲವನ್ನೂ ಎಣಿಸಿ, ಫೋಟೋ ತೆಗೆದು, ಹಿಡಿದ ಜಾಗಕ್ಕೇ ವಾಪಸ್ ಬಿಟ್ಟೆವು. ಟ್ರೇಯನ್ನು ಬಿಸಿಲಲ್ಲಿ ಇಡಬೇಡಿ. ನೀರು ಬಿಸಿಯಾದರೆ ಮೊದಲು ಸಾಯುವುದು ಸ್ಟೋನ್‌ಫ್ಲೈ.

ಅಂಕ

ಕುಟುಂಬಕ್ಕೊಂದು ಅಂಕ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಬಂತು. ಅದರ ಹೆಸರು ಬಿಎಂಡಬ್ಲ್ಯುಪಿ (ಬಯಲಾಜಿಕಲ್ ಮಾನಿಟರಿಂಗ್ ವರ್ಕಿಂಗ್ ಪಾರ್ಟಿ). ಕೊಳೆ ಸ್ವಲ್ಪವೂ ತಡೆಯದ ಕುಟುಂಬಕ್ಕೆ 10, ಎಂಥ ಕೊಳೆಯಲ್ಲೂ ಇರುವ ಎರೆಹುಳದ ಜಾತಿಗೆ 1. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು ಭಾರತದ ನದಿಗಳಿಗೆ ಹೊಂದಿಸಿಕೊಂಡು, ಅಂಕದ ಸರಾಸರಿಯ ಜೊತೆ ವೈವಿಧ್ಯದ ಲೆಕ್ಕವನ್ನೂ ಸೇರಿಸಿದೆ. ಸರಾಸರಿ 7 ಅಥವಾ ಮೇಲಿದ್ದರೆ ಶುದ್ಧ. 6ರಿಂದ 7 ಸ್ವಲ್ಪ ಕೊಳೆ, 3ರಿಂದ 6 ಮಧ್ಯಮ, 2ರಿಂದ 5 ಭಾರಿ, ಅದಕ್ಕೂ ಕೆಳಗೆ ತೀವ್ರ. ಮಧ್ಯಮಕ್ಕೂ ಭಾರಿಗೂ ಅಂಕ ಒಂದರ ಮೇಲೊಂದು ಬರುತ್ತದಲ್ವಾ? ಅಲ್ಲಿ ತೀರ್ಮಾನಕ್ಕೆ ಬೇಕಾಗುವುದೇ ವೈವಿಧ್ಯದ ಲೆಕ್ಕ. ಅದು 0.4 ಅಥವಾ ಕೆಳಗಿದ್ದರೆ ಭಾರಿ ಕೊಳೆಯ ಕಡೆಗೆ ವಾಲುತ್ತದೆ.

ವೈವಿಧ್ಯದ ಲೆಕ್ಕಕ್ಕೆ ಹುಳದ ಹೆಸರೂ ಗೊತ್ತಿರಬೇಕಿಲ್ಲ. ಟ್ರೇಯಿಂದ ಆರಿಸದೆ, ಕೈಗೆ ಬಂದ ಹಾಗೆ ಒಂದೊಂದೇ ಹುಳ ತೆಗೆಯಬೇಕು. ಈಗ ತೆಗೆದದ್ದು ಹಿಂದಿನದರ ಹಾಗೇ ಇದೆಯೇ, ಬೇರೆಯೇ ಅಂತ ಮಾತ್ರ ನೋಡಬೇಕು. ಬೇರೆಯಾದರೆ ಹೊಸ ಸರಣಿ ಶುರು. ಅ ಅ ಬ ಬ ಬ ಕ ಅ ಅಂತ ಬಂದರೆ ಏಳು ಹುಳ, ನಾಲ್ಕು ಸರಣಿ. ನಾಲ್ಕನ್ನು ಏಳರಿಂದ ಭಾಗಿಸಿದರೆ 0.57. ಈ ಕೆಲಸ ಪೂರ್ತಿ ಅಣ್ಣನ ಮಗಳದ್ದು. ಅವಳು ತೆಗೆದು ಹೇಳುತ್ತ ಹೋದಳು, ನಾನು ಬರೆದೆ.

ಡಿಸೆಂಬರಿನಲ್ಲಿ ಮೇಲಿನ ಜಾಗದಲ್ಲಿ 12 ಕುಟುಂಬ ಸಿಕ್ಕವು. ಚಪ್ಪಟೆ ಮೈಯ ಹೆಪ್ಟಜೆನಿಡೇ ಮೇಫ್ಲೈ, ಲೆಪ್ಟೊಫ್ಲೆಬಿಡೇ ಮೇಫ್ಲೈ, ಪರ್ಲಿಡೇ ಸ್ಟೋನ್‌ಫ್ಲೈ, ಎಲೆಮನೆಯ ಕ್ಯಾಡಿಸ್, ಈ ನಾಲ್ಕಕ್ಕೂ ಹತ್ತು ಹತ್ತು ಅಂಕ. ಕಿತ್ತಳೆ ತಲೆಯ ಫಿಲೊಪೊಟಾಮಿಡೇ ಕ್ಯಾಡಿಸ್, ಮರಳಲ್ಲಿ ಹೂತು ಕೂರುವ ಏರೋಪ್ಲೇನ್ ಚಿಟ್ಟೆ ಗಾಂಫಿಡೇ, ದಡದ ಬೇರಿನಲ್ಲಿ ಸಿಕ್ಕ ಅದರ ತೆಳು ಮೈಯ ಸಂಬಂಧಿ ಕ್ಯಾಲೊಪ್ಟೆರಿಜಿಡೇ, ಇವಕ್ಕೆ ಎಂಟೆಂಟು. ಬಲೆ ನೇಯುವ ಕ್ಯಾಡಿಸ್, ಕಪ್ಪು ನೊಣದ ಮರಿ ಸಿಮ್ಯುಲಿಡೇ, ಎಲ್ಮಿಡೇ ಜೀರುಂಡೆ ಐದೈದು. ಬೀಟಿಡೇ ಮೇಫ್ಲೈ 4, ಕೈರೊನೊಮಿಡ್ 2. ಒಟ್ಟು 85, ಸರಾಸರಿ 7.1. ವೈವಿಧ್ಯ 0.71. ಏಡಿಗಳೂ ಸಿಕ್ಕವು, ಅವನ್ನು ಬೇರೆ ಬರೆದಿಟ್ಟೆ, ಅಂಕಕ್ಕೆ ಸೇರಿಸಲಿಲ್ಲ.

ನಡುವಿನ ಜಾಗದಲ್ಲಿ 9 ಕುಟುಂಬ, ಒಟ್ಟು 56, ಸರಾಸರಿ 6.2. ಸ್ಟೋನ್‌ಫ್ಲೈ ಇಲ್ಲ, ಎಲೆಮನೆಯ ಕ್ಯಾಡಿಸ್ ಇಲ್ಲ. ಕಾರಣ ಕಲ್ಲು ಎತ್ತಿದಾಗಲೇ ಗೊತ್ತಾಯಿತು. ಮೇಲಿನ ಜಾಗದಲ್ಲಿ ಕಲ್ಲು ಕೈಗೆ ಸಲೀಸಾಗಿ ಬರುತ್ತದೆ, ಅಡಿಯಲ್ಲಿ ಸಂದಿಗಳಿವೆ. ಇಲ್ಲಿ ಅರ್ಧ ಕಲ್ಲು ಕೆಂಪು ಮಣ್ಣಲ್ಲಿ ಹೂತಿದೆ. ಜೆಸಿಬಿ ತಂದು ಗುಡ್ಡ ಕಡಿದು ಹೊಸ ತೋಟ ಮಾಡಿದಾಗ ಮಳೆಗೆ ಬಂದ ಮಣ್ಣು ಅದು. ಸಂದಿ ಮುಚ್ಚಿದರೆ ಸ್ಟೋನ್‌ಫ್ಲೈಗೆ ಮನೆಯೇ ಇಲ್ಲ. ದಡದ ಮರ ಕಡಿದಿದ್ದಾರೆ, ಎಲೆ ಬೀಳುವುದಿಲ್ಲ, ಎಲೆ ಕತ್ತರಿಸುವ ಹುಳಕ್ಕೆ ಊಟವೂ ಇಲ್ಲ, ಮನೆ ಕಟ್ಟಲು ಸಾಮಾನೂ ಇಲ್ಲ.

ಕೆಳಗಿನ ಜಾಗದಲ್ಲಿ 7 ಕುಟುಂಬ. ಏರೋಪ್ಲೇನ್ ಚಿಟ್ಟೆಯ ಲಿಬೆಲ್ಯುಲಿಡೇ 8, ಬಲೆ ಕ್ಯಾಡಿಸ್ 5, ಬೀಟಿಡೇ 4, ಜಿಗಣೆ 3, ಬಸವನಹುಳ 3, ಕೆಂಪು ಮರಿ 2, ನೀರಿನ ಎರೆಹುಳ 1. ಒಟ್ಟು 26, ಸರಾಸರಿ 3.7. ವೈವಿಧ್ಯ 0.34. ಕೆಂಪು ಮರಿ ಸಾಲುಸಾಲಾಗಿ ಬರುತ್ತಿದ್ದರೆ ಸರಣಿ ಎಲ್ಲಿ ಬದಲಾಗಬೇಕು? ನನ್ನ ತೀರ್ಮಾನ, ಭಾರಿ ಕೊಳೆ. ಅರ್ಧ ಕಿಲೋಮೀಟರೂ ಇಲ್ಲದ ದೂರದಲ್ಲಿ ಒಂದೇ ಹಳ್ಳ ಹೀಗಾಗಿದೆ.

ಹಗಲಿನ ನೀರು ಹೇಳದೇ ಇದ್ದದ್ದು

ಅದೇ ದಿನ ಹನ್ನೊಂದು ಗಂಟೆಗೆ ಕೆಳಗಿನ ಜಾಗದ ಆಮ್ಲಜನಕ ನೋಡಿದಾಗ ಲೀಟರಿಗೆ 6.4 ಮಿಲಿಗ್ರಾಂ ಇತ್ತು. ಮೇಲೆ 8.1. ಕೇಂದ್ರ ಮಂಡಳಿಯ ವರ್ಗೀಕರಣದಲ್ಲಿ ಸೋಂಕು ನಿವಾರಿಸಿ ಕುಡಿಯಬಹುದಾದ ಎ ವರ್ಗದ ನೀರಿಗೆ ಆಮ್ಲಜನಕ 6 ಅಥವಾ ಹೆಚ್ಚು ಇರಬೇಕು. ಅಂದರೆ ಆ ಒಂದು ಪರೀಕ್ಷೆಯಲ್ಲಿ ಕೆಳಗಿನ ನೀರು ಪಾಸು! ನೀರು ಸ್ವಲ್ಪ ಕಂದು ಬಣ್ಣ, ಕೊಳವೆಯಲ್ಲಿ 38 ಸೆಂಟಿಮೀಟರಿಗೆ ಬಿಲ್ಲೆ ಕಂಡಿತು. ಮೇಲೆ ಪೂರ್ತಿ 60ಕ್ಕೂ ಕಾಣುತ್ತಿತ್ತು.

ಹುಳ ಒಂದು ಹೇಳುತ್ತದೆ, ಕಿಟ್ ಇನ್ನೊಂದು. ಅದಕ್ಕೆ ಬೆಳಗಿನ ಜಾವ, ಬೆಳಕು ಹರಿಯುವ ಮೊದಲು ಟಾರ್ಚ್ ಹಿಡಿದು ಹೋಗಿ ಮತ್ತೆ ನೋಡಿದೆ. ಮೇಲೆ 7.8. ಕೆಳಗೆ 4.3. ಹಗಲಲ್ಲಿ ಕಲ್ಲಿನ ಮೇಲಿನ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿಯೂ ಉಸಿರಾಡುತ್ತದೆ, ಸಿಪ್ಪೆಯ ರಸ ತಿನ್ನುವ ಬ್ಯಾಕ್ಟೀರಿಯಾವೂ ಉಸಿರಾಡುತ್ತದೆ, ತುಂಬಿಕೊಡುವವರು ಯಾರೂ ಇಲ್ಲ. ಲ್ಯಾಬಿಗೆ ನೀರು ಕಳಿಸುವವರೆಲ್ಲ ಹಗಲಲ್ಲೇ ಬಾಟಲಿ ತುಂಬುತ್ತಾರೆ. ಹುಳ ಮಾತ್ರ ರಾತ್ರಿಯೂ ಅಲ್ಲೇ ಇರಬೇಕು. ಹಳ್ಳದ ವಿಷಯದಲ್ಲಿ ನಾನು ಹುಳದ ಮಾತನ್ನೇ ಮೊದಲು ನಂಬುತ್ತೇನೆ.

ಸಿಪ್ಪೆ ರಾಶಿ

ಹಸಿ ಅಡಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ. ಸುಲಿಯುವ ಮೆಷಿನ್ ಬಂದ ಮೇಲೆ ಒಂದೇ ಕಡೆ ಟ್ರ್ಯಾಕ್ಟರ್‌ಗಟ್ಟಲೆ ರಾಶಿ ಬೀಳುತ್ತದೆ. ನಮ್ಮ ಹಳ್ಳದ ದಡದಲ್ಲಿ ಬಿದ್ದದ್ದು ಚೇಣಿಗೆ (ಫಸಲಿನ ಗುತ್ತಿಗೆಗೆ) ತೋಟ ಹಿಡಿದವರದ್ದು. ರಾಶಿಯ ಬುಡದಿಂದ ಕಂದು ರಸ ಒಸರಿ ನೇರ ನೀರಿಗೆ. ಅಡಿಕೆ ಬೇಯಿಸುವ ಚೊಗರಿನ ಹಂಡೆ ತೊಳೆದ ನೀರೂ ಅದೇ ದಾರಿ.

ಕೆಳಗಿನ ಮನೆಯ ಹಿರಿಯರನ್ನು ಕರೆದುಕೊಂಡು ಬಂದು ಎರಡೂ ಟ್ರೇ ತೋರಿಸಿದೆ. ಅವರು ಮೇಲಿನ ಟ್ರೇಯನ್ನು ತುಂಬ ಹೊತ್ತು ನೋಡಿದರು. "ಇದೆಲ್ಲ ಮೊದಲು ನಮ್ಮ ಗದ್ದೆ ತನಕ ಇತ್ತು ಮಾರಾಯ. ಮೊದಲ ಮಳೆಗೆ ಹತ್ಮೀನು ಇಲ್ಲೇ ಹತ್ತುತ್ತಿತ್ತು, ಕೂಣಿ (ಮೀನು ಹಿಡಿಯುವ ಬುಟ್ಟಿ) ಹಾಕ್ತಿದ್ವಿ. ಈಗ ಕೂಣಿ ಹಾಕಿದ್ರೆ ಸಿಪ್ಪೆ ಸಿಗ್ತದೆ" ಅಂದರು. ಆಮೇಲೆ ನಾನು ಹೇಳುವ ಮೊದಲೇ, "ಚೇಣಿಯವರ ಹತ್ರ ನಾನೇ ಮಾತಾಡ್ತೇನೆ, ನೀನು ಆ ತಟ್ಟೆ ಹಿಡ್ಕೊಂಡು ಬಾ" ಅಂದರು.

ಟ್ರೇಯೇ ಕೆಲಸ ಮಾಡಿತು. ಅಂಕಿ ತೋರಿಸಿದ್ದರೆ ಜಗಳ ಆಗುತ್ತಿತ್ತೋ ಏನೋ. ಒಂದರಲ್ಲಿ ಹತ್ತಾರು ಬಗೆಯ ಜೀವ ಓಡಾಡುವುದು, ಇನ್ನೊಂದರಲ್ಲಿ ಬರೀ ಕೆಂಪು ಹುಳ ಹೊರಳುವುದು ಕಂಡ ಮೇಲೆ ಚೇಣಿಯವರು ಹೆಚ್ಚು ವಾದ ಮಾಡಲಿಲ್ಲ. ಜನವರಿಯಲ್ಲಿ ರಾಶಿಯನ್ನು ದಡದಿಂದ ಮೇಲೆ, ಮಳೆನೀರು ಹಳ್ಳದ ಕಡೆ ಹರಿಯದ ಜಾಗಕ್ಕೆ ಎತ್ತಿಸಿದರು. ಸಿಪ್ಪೆ ಬೇಗ ಕರಗುವುದಿಲ್ಲ, ಅದರಲ್ಲಿ ಲಿಗ್ನಿನ್ ಜಾಸ್ತಿ. ಪದರ ಪದರವಾಗಿ ಸಗಣಿ ನೀರು, ಸೊಪ್ಪು ಹಾಕಿ, ಒದ್ದೆ ಇಟ್ಟು, ನಡುವೆ ಮಗುಚುತ್ತಿದ್ದರೆ ಗೊಬ್ಬರ ಆಗುತ್ತದೆ. ಸ್ವಲ್ಪ ಭಾಗವನ್ನು ಮರದ ಬುಡಕ್ಕೆ ಮುಚ್ಚಿಗೆ ಮಾಡಿದೆವು, ಬೇಸಿಗೆಯಲ್ಲಿ ತೇವ ನಿಲ್ಲುತ್ತದೆ. ಹಂಡೆ ತೊಳೆದ ನೀರಿಗೆ ಅಂಗಳದ ಪಕ್ಕ ಒಂದು ಇಂಗುಗುಂಡಿ ತೆಗೆದಾಯಿತು.

ಮಾರ್ಚಿನಲ್ಲಿ ಮತ್ತೆ ಇಳಿದೆವು. ಕೆಳಗಿನ ಜಾಗದಲ್ಲಿ ಹಿಂದಿನ ಏಳೂ ಇದ್ದವು, ಜೊತೆಗೆ ಸಿಮ್ಯುಲಿಡೇ 5 ಮತ್ತು ಕೀನಿಡೇ ಮೇಫ್ಲೈ 7 ಬಂದಿದ್ದವು. ಒಟ್ಟು 38, ಸರಾಸರಿ 4.2. ಬೆಳಗಿನ ಜಾವದ ಆಮ್ಲಜನಕ 5.6. ಹರಿವು ಕಡಿಮೆಯಾದ ಕಾಲದಲ್ಲೂ ಅದು ಏರಿದೆ ಅನ್ನುವುದು ಮುಖ್ಯ. ಅದೇ ದಿನ ಮೇಲಿನ ಜಾಗದ ಸರಾಸರಿ 7.0, ಹೆಚ್ಚುಕಡಿಮೆ ಮೊದಲಿನಷ್ಟೇ. ಹಾಗಾಗಿ ಕೆಳಗಿನ ಬದಲಾವಣೆ ಬರೀ ಋತುವಿನದ್ದಲ್ಲ. ಬಂದ ಎರಡೂ ಮೇಲಿನ ಕಡೆಯಿಂದ ತೇಲಿ ಬಂದಿರಬೇಕು. ಹಳ್ಳ ಹೀಗೆ ತನ್ನನ್ನು ತಾನೇ ತುಂಬಿಕೊಳ್ಳುತ್ತದೆ, ಮೇಲೆ ಒಂದು ತುಂಡು ಕಾಡು ಉಳಿದಿದ್ದರೆ. ಸ್ಟೋನ್‌ಫ್ಲೈಗೆ ಇನ್ನೂ ಕಾಲ ಬೇಕು. ಕಲ್ಲಿನ ಸಂದಿಯ ಮಣ್ಣು ಹೋಗುವವರೆಗೆ ಅದು ನಡುವಿನ ಜಾಗಕ್ಕೂ ಬರುವುದಿಲ್ಲ, ಕೆಳಗಿನದ್ದಂತೂ ದೂರ. ನಡುವಿನ ದಡಕ್ಕೆ ಈ ಮಳೆಗೆ ವಾಟೆ ಮತ್ತು ಹೊಳೆಮತ್ತಿ ಸಸಿ ಹಾಕುವುದು ಅಂತ ಇದೆ.

ಮುಂದಿನ ಕೆಲಸ ಬೋರ್ಡೋ ದ್ರಾವಣದ್ದು. ಅಡಿಕೆಯ ಕೊಳೆರೋಗಕ್ಕೆ ನಾವೆಲ್ಲ ಇದನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ 40-45 ದಿನಕ್ಕೆ ಇನ್ನೊಮ್ಮೆ ಹೊಡೆಯುತ್ತೇವೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತಾಮ್ರ ನೀರಿನ ಹುಳಗಳಿಗೆ ವಿಷ. ಅದು ಕೊಳೆತು ಹೋಗುವ ವಸ್ತುವಲ್ಲ, ಮಣ್ಣಿಗೆ ಅಂಟಿ ಉಳಿಯುತ್ತದೆ. ಆದರೆ ನಾನು ಬಳಸಿದ ಅಂಕಪಟ್ಟಿ ಸಿಪ್ಪೆ, ಸಗಣಿ, ಬಚ್ಚಲು ನೀರಿನಂಥ ಕೊಳೆಗೆ ಮಾಡಿದ್ದು. ತಾಮ್ರಕ್ಕೆ ಅಲ್ಲ. ಹಾಗಾಗಿ ಅಂಕ ಬಿಟ್ಟು ಬೇರೆ ಲೆಕ್ಕ ಇಡಬೇಕು. ಚದರ ಮೀಟರಿಗೆ ಮೇಫ್ಲೈ ಎಷ್ಟು, ಬಸವನಹುಳ ಎಷ್ಟು ಅಂತ ಮದ್ದು ಹೊಡೆಯುವ ಮೊದಲು ಮೇ ತಿಂಗಳಲ್ಲಿ ಎಣಿಸಿಡುವುದು, ಮಳೆ ಇಳಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಎಣಿಸುವುದು. ಪಕ್ಕದ ಹಳ್ಳದವರು ಮದ್ದು ಹೊಡೆಯದೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿಸುತ್ತಾರೆ, ಅಲ್ಲಿಯೂ ಬಲೆ ಹಾಕಲು ಒಪ್ಪಿದ್ದಾರೆ. ಡ್ರಮ್ಮನ್ನು ಹಳ್ಳದಲ್ಲಿ ತೊಳೆಯದೆ ತೋಟದೊಳಗಿನ ಗುಂಡಿಯ ಹತ್ತಿರ ತೊಳೆಯಲು ಮರ ಹತ್ತಿ ಮದ್ದು ಹೊಡೆಯುವ ನಮ್ಮ ಕೊನೆಗಾರರಿಗೆ ಈಗಲೇ ಹೇಳಿದ್ದೇನೆ. ಬಲೆಯ ಸೀಸದ ಅಂಚು ಸವೆದಿದೆ, ಮೇ ಒಳಗೆ ಹೊಸ ಪಟ್ಟಿ ಹಾಕಿಸಬೇಕು.